ಸಹಾಯ ಬೇಕು: ಅಣ್ಣನಿಗೆ ಕುಡಿತ ಬಿಟ್ಟವರ ಸಭೆ ಹುಡುಕುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಕುಡಿತ ಬಿಟ್ಟು ಇವತ್ತಿಗೆ 19 ದಿನ. ಮೊದಲ ವಾರ ಕೈ ಎಷ್ಟು ನಡುಗುತ್ತಿತ್ತೆಂದರೆ, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಚೆಲ್ಲುತ್ತಿತ್ತು. ಡಾಕ್ಟರ್ ಹೇಳಿದ ಹಾಗೇ ಬಿಡಿಸಿದೆವು. (ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಯವಿಟ್ಟು ಯಾರೂ ಮನೆಯಲ್ಲೇ ಪ್ರಯತ್ನ ಮಾಡಬೇಡಿ.) ಈಗ ಔಷಧಿ ನಡೆಯುತ್ತಿದೆ. ಆದರೆ ಸಂಜೆ ಏಳಾದರೆ ಸಾಕು, ಚಪ್ಪಲಿ ಹಾಕುತ್ತಾನೆ, ಬಿಚ್ಚುತ್ತಾನೆ, ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ನೋಡೋಕಾಗಲ್ಲ.

ಆ ಹೊತ್ತಿಗೇ ನಡೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ಬೇಕಿತ್ತು. 1935ರಲ್ಲಿ ಶುರುವಾದ ಕೂಟ ಅದು, ಶುಲ್ಕ ಇಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು. ಆದರೂ ಒಬ್ಬನೇ ಹೋಗಲು ಅಣ್ಣನಿಗೆ ಭಯ. "ಗುರುತಿನವರು ಯಾರಾದರೂ ಸಿಕ್ಕರೆ?" ಅಂತಾನೆ. ಓಪನ್ ಮೀಟಿಂಗ್ ಆದರೆ ನಾನೂ ಜೊತೆಗೆ ಕೂರಬಹುದು, ಅಲ್ವಾ? ಆನ್‌ಲೈನ್ ಸಭೆ ಆದರೂ ಸರಿ.

ಹೋಗಿ ಬಂದವರು ಇದ್ದರೆ ಒಂದು ಮಾತು ಹೇಳಿ: ಮೊದಲ ದಿನವೇ ಮಾತಾಡಬೇಕಾ, ಸುಮ್ನೆ ಕೂತು ಕೇಳಿದರೂ ಆಗುತ್ತಾ? ಅವನು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾನೆ. ಅತ್ತಿಗೆಗೂ ಅಲ್-ಅನಾನ್ ಥರ ಮನೆಯವರಿಗಾಗಿ ಇರುವ ಗುಂಪು ಗೊತ್ತಿದ್ದರೆ ತಿಳಿಸಿ. ಇನ್‌ಬಾಕ್ಸ್‌ಗೆ ಬರೆದರೂ ಪರವಾಗಿಲ್ಲ, ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ.