ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡಿ ಒಂದ್ ವರ್ಷ ಆದವ್ರು ಯಾರಾದ್ರೂ ಇದೀರಾ? ಏನ್ ಕಲಿತ್ರಿ ಹೇಳಿ

ಪೀಣ್ಯ_ಕ್ವಾಲಿಟಿ:
ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಮೆಷಿನಿಂಗ್ ಕಂಪನೀಲಿ 11 ವರ್ಷದಿಂದ ಕ್ವಾಲಿಟಿಲಿ ಇದೀನಿ, ಐಎಸ್ಒ 9001 (ಕಂಪನಿಯ ಕ್ವಾಲಿಟಿ ವ್ಯವಸ್ಥೆಗೆ ಇರೋ ಸ್ಟ್ಯಾಂಡರ್ಡ್) ಇಂಟರ್ನಲ್ ಆಡಿಟ್, ಕಸ್ಟಮರ್ ಕಂಪ್ಲೇಂಟ್ ಎಲ್ಲಾ ನಾನೇ ನೋಡ್ಕೊಳ್ಳೋದು. ಅಪ್ಪ ಅಮ್ಮಂಗೆ ವಯಸ್ಸಾಯ್ತು, ತುಮಕೂರಿಗೆ ವಾಪಸ್ ಹೋಗಿ ವಸಂತನರಸಾಪುರದ ಕಡೆ ಇರೋ ಸಣ್ಣ ಯೂನಿಟ್‌ಗಳಿಗೆ ಐಎಸ್ಒ ಸರ್ಟಿಫಿಕೇಟ್ ತಗೊಳ್ಳೋದಕ್ಕೆ ಕನ್ಸಲ್ಟಿಂಗ್ ಮಾಡೋಣ ಅಂತ ಇದೀನಿ. ಆರು ತಿಂಗಳ ಮನೆ ಖರ್ಚಿಗೆ ಆಗೋಷ್ಟು ಕೂಡಿಟ್ಟಿದೀನಿ. ಫೀಸ್ ಹೆಂಗ್ ಹೇಳೋದು, ಜಿಎಸ್‌ಟಿ ಈಗ್ಲೇ ತಗೋಬೇಕಾ, ಮೊದಲ ಪಾರ್ಟಿ (ಕ್ಲೈಂಟ್) ಹೆಂಗ್ ಸಿಕ್ತು, ಇದನ್ನ ಮಾಡಿ ನೋಡಿದವ್ರು ಹೇಳಿದ್ರೆ ತುಂಬಾ ಉಪಕಾರ ಆಗುತ್ತೆ. ಯೂಟ್ಯೂಬ್‌ನಲ್ಲಿ ಸಿಗೋದೆಲ್ಲ ನೋಡಾಗಿದೆ.

ಗೋಕುಲ_ರೋಡ್:
ಸರ್, ನಾನೂ ಕ್ವಾಲಿಟಿ ಕಡೆಯಿಂದನ ಬಂದಾಂವ. ಶುರು ಮಾಡಿ ಈಗ ವರ್ಷ ಮುಗೀತು. ಹುಬ್ಬಳ್ಳಿ ಗೋಕುಲ ರೋಡ್, ತಾರಿಹಾಳ, ಬೆಳಗಾವಿ ಉದ್ಯಮಬಾಗ, ಇಷ್ಟರಾಗ ಓಡಾಡ್ತೇನಿ.

ಮೊದಲ ಮಾತು, ಆರು ತಿಂಗಳ ರೊಕ್ಕ ಸಾಲಂಗಿಲ್ರಿ, ವರ್ಷದ್ದು ಇಟ್ಕೊಂಡು ಇಳೀರಿ. ಕೆಲಸ ಸಿಗಂಗಿಲ್ಲ ಅಂತಲ್ಲ. ನನಗ ಎರಡನೇ ತಿಂಗಳಿಗೇ ಸಿಕ್ತು, ಆದ್ರ ಅದರ ರೊಕ್ಕ ಪೂರ್ತಿ ಕೈಗೆ ಬಂದಿದ್ದು ಎಂಟನೇ ತಿಂಗಳಿಗೆ. ಕೆಲಸ ಮಾಡಿದ್ದು ಬ್ಯಾರೆ, ಬಿಲ್ ಹಾಕಿದ್ದು ಬ್ಯಾರೆ, ಅಕೌಂಟಿಗೆ ಬಿದ್ದಿದ್ದು ಬ್ಯಾರೆ, ಒಂದನೇ ತಾರೀಖಿಗೆ ಪಗಾರ ತಗೊಂಡು ರೂಢಿ ಇದ್ದಾವ್ರಿಗೆ ಇದು ತಲಿಗೆ ಹೋಗೂದರಾಗ ಎಫ್‌ಡಿ ಮುರಿಯೂ ಹೊತ್ತು ಬಂದಿರ್ತೈತಿ. ನಾನು ಮುರದೇನಿ, ಅದಕ್ಕ ಹೇಳ್ತೇನಿ.

ಫೀಸ್ ವಿಷಯ. ಮೊದಲನೇ ಪಾರ್ಟಿಗೆ ಸರ್ಟಿಫಿಕೇಟ್ ಬರೂತನಕ ಎಲ್ಲಾ ಸೇರಿ 60 ಸಾವಿರ ಅಂದೆ, ಎಷ್ಟು ಸಲ ಬರ್ತೇನಿ ಅಂತ ಎಲ್ಲೂ ಬರೀಲಿಲ್ಲ. 12 ವಿಸಿಟ್ ಅಂದ್ಕೊಂಡಿದ್ದು 31 ಆತು. ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗಿ ಬರೂದಂದ್ರ ಹತ್ತಿರ ಹತ್ತಿರ 200 ಕಿಲೋಮೀಟರ್, ಅರ್ಧ ದಿನ ಬಸ್ಸಿನಾಗನ ಹೋಗ್ತೈತಿ, ಮ್ಯಾಲೆ ಸಾಹುಕಾರ್ರು ಹಂಗ ಒಂದು ಕಸ್ಟಮರ್ ಆಡಿಟ್‌ಗೂ ಬಂದು ಕುಂದರ್ರಿ, ಈ ಕಂಟ್ರೋಲ್ ಪ್ಲಾನ್ (ಯಾವ ಹಂತದಾಗ ಏನು ಚೆಕ್ ಮಾಡೂದು ಅನ್ನೂ ಪಟ್ಟಿ) ಒಂದೀಟು ನೋಡಿಬಿಡ್ರಿ ಅಂತಿದ್ರು. ಅವ್ರದು ತಪ್ಪಲ್ಲ, ಬರದಿಲ್ಲಂದ್ರ ಯಾರಾದ್ರೂ ಕೇಳ್ತಾರ. ಈಗ ಕೊಟೇಶನ್‌ದಾಗ ಇಷ್ಟು ವಿಸಿಟ್, ಇದರಾಗ ಇದು ಸೇರೇತಿ ಇದು ಸೇರಿಲ್ಲ, ಹೆಚ್ಚಿನ ವಿಸಿಟ್‌ಗೆ ಇಷ್ಟು ಅಂತ ಬರದ ಕೊಡ್ತೇನಿ. ಮೂರರಾಗ ಒಂದು ಪಾಲು ಮುಂಗಡ, ಒಂದು ಪಾಲು ಡಾಕ್ಯುಮೆಂಟ್ ಆದ ಮ್ಯಾಲೆ, ಉಳದದ್ದು ಇಂಟರ್ನಲ್ ಆಡಿಟ್ ಮತ್ತ ಮ್ಯಾನೇಜ್‌ಮೆಂಟ್ ರಿವ್ಯೂ (ಮಾಲಕ್ರು ಕುಂತು ಎಲ್ಲಾ ಪರಿಶೀಲಿಸೂ ಸಭೆ) ಮುಗಿದ ದಿನ. "ಸರ್ಟಿಫಿಕೇಟ್ ಬಂದ ಮ್ಯಾಲೆ ಕೊಡ್ತೇನಿ" ಅನ್ನೂದಕ್ಕ ಒಪ್ಪಬ್ಯಾಡ್ರಿ, ಯಾಕಂದ್ರ ಸರ್ಟಿಫಿಕೇಟ್ ಕೊಡೂದು ನಾವಲ್ಲ. ಸ್ಟೇಜ್ 1 (ಕಾಗದಪತ್ರ, ತಯಾರಿ ನೋಡೂದು), ಸ್ಟೇಜ್ 2 (ಕೆಲಸ ಹಂಗ ನಡದೈತೇನು ನೋಡೂದು) ಆಡಿಟ್ ಮಾಡಾವ್ರು ಬ್ಯಾರೆ ಸಂಸ್ಥೆ, ಅವ್ರ ತಾರೀಖು ಮುಂದ ಹೋತಂದ್ರ ನಿಮ್ಮ ರೊಕ್ಕಾನೂ ಮುಂದ ಹೋಗ್ತೈತಿ.

ಇನ್ನ ಕೆಲಸದ ಮಾತು, ನನಗ ಇದ ಭಾಳ ಮುಖ್ಯ. ಒಂದು ಯೂನಿಟ್, ಮೂರು ಸಿಎನ್‌ಸಿ ಲೇಥು (ಕಂಪ್ಯೂಟರ್ ಹೇಳಿದಂಗ ಲೋಹ ಕಡಿಯೂ ಮಷಿನ್), ರಿಜೆಕ್ಷನ್ (ಅಳತಿ ತಪ್ಪಿದ ಪೀಸ್) ಜಾಸ್ತಿ. ನಾ ಮೊದಲ ಮೂರು ವಿಸಿಟ್ ಆಫೀಸಿನಾಗ ಕುಂತು ಪ್ರೊಸೀಜರ್ ಬರದೆ. ಇನ್ಸ್‌ಪೆಕ್ಷನ್ ರಿಪೋರ್ಟ್ ತಗದು ನೋಡಿದ್ರ ಇಡೀ ತಿಂಗಳದ್ದು ಒಂದ ಪೆನ್ನು, ಒಂದ ಅಕ್ಷರ, ಎಲ್ಲಾ ರೀಡಿಂಗ್ 25.01. ಮೈಕ್ರೋಮೀಟರ್ ಮ್ಯಾಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರ್ (ಅಳತಿ ಸರಿ ತೋರಸ್ತೈತಿ ಅಂತ ಪರೀಕ್ಷೆ ಮಾಡಿ ಹಚ್ಚೂ ಚೀಟಿ) ಎಣ್ಣಿ ಹತ್ತಿ ಕಪ್ಪಾಗಿತ್ತು, ಒರಸಿ ನೋಡಿದ್ರ ತಾರೀಖು ಮುಗಿದು ವರ್ಷ ಆಗಿತ್ತು. ನಾಲ್ಕನೇ ಸಲ ಆಫೀಸಿಗೆ ಹೋಗದ ಸೀದಾ ಮಷಿನ್ ಕಡೆ ಹೋಗಿ ಆಪರೇಟರ್ ಹತ್ರ ದಿನಪೂರ್ತಿ ನಿಂತೆ. ಮಧ್ಯಾಹ್ನ ಅಂವ ತಾನಾಗೇ ಅಂದ, "ಸರ್, ಊಟದ ಬ್ರೇಕ್ ಆದ ಮ್ಯಾಲೆ ಮೊದಲ ಎರಡು ಪೀಸ್ ಯಾವಾಗ್ಲೂ ಸೈಜ್ ಹೊರಗ ಹೋಗ್ತಾವು, ಮಷಿನ್ ತಣ್ಣಗ ಆಗಿರ್ತೈತಲ್ಲ." ಎಷ್ಟು ದಿನದಿಂದ ಗೊತ್ತು ಅಂತ ಕೇಳಿದೆ. ಎರಡು ವರ್ಷದಿಂದ ಅಂದ. ಯಾರಿಗೂ ಹೇಳಿಲ್ಲೇನು ಅಂದ್ರ, "ಯಾರೂ ಕೇಳಿಲ್ರಿ" ಅಂದ. ಬ್ರೇಕ್ ಆದ ಮ್ಯಾಲೆ ಮಷಿನ್ ಸ್ವಲ್ಪ ಹೊತ್ತು ಖಾಲಿ ಓಡಿಸೂದು, ಮೊದಲ ಪೀಸ್ ಅಳದು ಆಫ್‌ಸೆಟ್ (ಮಷಿನ್ನಿಗೆ ಅಳತಿ ತಿದ್ದುಪಡಿ) ಕೊಟ್ಟ ಮ್ಯಾಲೆನ ಮುಂದ ಹೋಗೂದು ಅಂತ ಒಂದು ಹಾಳಿ ಬರದು ಮಷಿನ್ನಿಗೆ ಅಂಟಿಸಿದ್ವಿ, ಕೆಳಗ ಆ ಹುಡುಗನ ಹೆಸರೂ ಹಾಕಿದ್ವಿ. ರಿಜೆಕ್ಟ್ ಪೀಸ್ ಹಾಕೂ ಕೆಂಪು ಟ್ರೇ ತುಂಬೂದು ಕಡಿಮಿ ಆತು. ಆ ಸಾಹುಕಾರ್ರು ತಾವಾಗೇ ಮತ್ತಿಬ್ಬರಿಗೆ ನನ್ನ ನಂಬರ್ ಕೊಟ್ಟರು. ವಿಸಿಟಿಂಗ್ ಕಾರ್ಡು, ವೆಬ್‌ಸೈಟು ಅಂತ ಖರ್ಚು ಮಾಡಿದ್ದರಿಂದ ನನಗ ಒಂದ ಕೆಲಸಾನೂ ಬಂದಿಲ್ಲ.

ಲೆಕ್ಕ_ಪತ್ರ:
ಮೇಲಿನವರು ಹೇಳಿದ್ದು ಸರಿ ಇದೆ, ನಾನು ಅಕೌಂಟ್ಸ್ ಕಡೆಯವನು, ತೆರಿಗೆ ಬಗ್ಗೆ ಮಾತ್ರ ಹೇಳ್ತೀನಿ. ಸರ್ವಿಸ್ ಆದ್ರೆ ವರ್ಷಕ್ಕೆ 20 ಲಕ್ಷ ದಾಟೋವರೆಗೂ ಜಿಎಸ್‌ಟಿ ಕಡ್ಡಾಯ ಇಲ್ಲ. ಪಾರ್ಟಿ ಕೇಳ್ತಾರೆ ಅಂತ ಮೊದಲ ದಿನವೇ ತಗೊಂಡು, ಬಿಸಿನೆಸ್ ಇಲ್ದೇ ಇರೋ ತಿಂಗಳಲ್ಲೂ ರಿಟರ್ನ್ ಹಾಕ್ತಾ ಕೂರೋರನ್ನ ತುಂಬಾ ನೋಡಿದೀನಿ. ತಗೊಂಡ್ರೆ ಒಂದು ವಿಷಯ ನೆನಪಿರ್ಲಿ, ದುಡ್ಡು ಬರಲಿ ಬಿಡಲಿ, ಇನ್‌ವಾಯ್ಸ್ ಹಾಕಿದ್ರೆ ಟ್ಯಾಕ್ಸ್ ಕಟ್ಲೇಬೇಕು.

ಲೆಕ್ಕ ನೋಡಿ. 1 ಲಕ್ಷದ ಬಿಲ್, ಅದರ ಮೇಲೆ 18 ಸಾವಿರ ಜಿಎಸ್‌ಟಿ. ಪಾರ್ಟಿ 10 ಸಾವಿರ ಟಿಡಿಎಸ್ (ನಿಮ್ಮ ಪರವಾಗಿ ಮೊದಲೇ ಕಟ್ಟೋ ಇನ್ಕಮ್ ಟ್ಯಾಕ್ಸ್) ಹಿಡಿದು 1,08,000 ಹಾಕ್ತಾರೆ. ಅದರಲ್ಲಿ 18 ಸಾವಿರ ಸರ್ಕಾರದ್ದು, ನಿಮ್ಮ ಕೈಲಿ ಉಳಿಯೋದು 90 ಸಾವಿರ. ಆ 18 ಸಾವಿರಕ್ಕೆ ಬೇರೆ ಸೇವಿಂಗ್ಸ್ ಅಕೌಂಟ್ ಮಾಡಿ ಬಂದ ದಿನವೇ ಅಲ್ಲಿಗೆ ಹಾಕ್ಬಿಡಿ. ಟಿಡಿಎಸ್ ಹಿಡಿದಿದ್ದು ಕಟ್ಟಿದ್ದಾರಾ ಅಂತ ಮೂರು ತಿಂಗಳಿಗೊಮ್ಮೆ ನಿಮ್ಮ ಇನ್ಕಮ್ ಟ್ಯಾಕ್ಸ್ ಸ್ಟೇಟ್‌ಮೆಂಟ್ (26ಎಎಸ್) ತೆಗೆದು ನೋಡಿ, ನಮ್ಮ ಒಬ್ಬರು ಕ್ಲೈಂಟ್‌ಗೆ ಹಿಡಿದ ಟಿಡಿಎಸ್ ಕಟ್ಟೇ ಇರ್ಲಿಲ್ಲ, ರಿಟರ್ನ್ ಹಾಕೋ ಟೈಮಲ್ಲಿ ಗೊತ್ತಾಗಿ ಒದ್ದಾಡಿದ್ವಿ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಮಾಡ್ಸಿ, ಫ್ರೀ, ಏಜೆಂಟ್‌ಗೆ ದುಡ್ಡು ಕೊಡ್ಬೇಡಿ. ಎಂಎಸ್ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ಲಾಂದ್ರೆ 15 ದಿನದಲ್ಲಿ ಪಾರ್ಟಿ ಕೊಡ್ಬೇಕು. 2023-24ರಿಂದ ತಡ ಮಾಡಿದ್ರೆ ಕೊಟ್ಟ ವರ್ಷದವರೆಗೂ ಅದನ್ನ ಅವ್ರು ಖರ್ಚು ಅಂತ ತೋರಿಸೋಕಾಗಲ್ಲ, ಹಾಗಾಗಿ ಬಿಲ್ ಮೇಲೆ ಉದ್ಯಮ್ ನಂಬರ್ ಇದ್ರೆ ಮಾರ್ಚ್‌ನಲ್ಲಿ ಅವರ ಸಿಎನೇ ನೆನಪಿಸ್ತಾರೆ.

ಉದ್ಯಮಬಾಗ_ಶಾಪ್:
ನಾ ರೊಕ್ಕ ಕೊಡೂ ಕಡೆ ಇರಾಂವ್ರಿ, ಸಣ್ಣ ಮಷಿನ್ ಶಾಪ್ ಐತಿ. ಮೊದಲ ಬಂದಿದ್ದ ಕನ್ಸಲ್ಟಂಟ್ ಒಬ್ಬರು ಫೈಲ್ ತಂದು ಕೊಟ್ಟು ಸಹಿ ಮಾಡ್ರಿ ಅಂದ್ರು. ಮ್ಯಾನ್ಯುವಲ್ ತಿರುವಿ ನೋಡಿದ್ರ ನಡುವ ಒಂದು ಪುಟದಾಗ ಬ್ಯಾರೆ ಕಂಪನಿ ಹೆಸರು ಹಂಗ ಉಳದಿತ್ತು. ನಾವು ಫೋರ್ಜಿಂಗ್ ಮಾಡಂಗಿಲ್ಲ, ಅದರಾಗ ಫೋರ್ಜಿಂಗ್ ಪ್ರೊಸೀಜರ್ ಇತ್ತು. ಅವತ್ತಿನಿಂದ ಕನ್ಸಲ್ಟಂಟ್ ಅಂದ್ರ ಹೆದರಿಕಿ. ನೀವು ಬಂದ ಮೊದಲನೇ ದಿನ ಲ್ಯಾಪ್‌ಟಾಪ್ ತಗೀಬ್ಯಾಡ್ರಿ, ಶಾಪಿನಾಗ ಒಂದು ಸುತ್ತು ಬರ್ರಿ, ನಮ್ಮ ಹುಡುಗರ ಜೋಡಿ ಚಾ ಕುಡೀರಿ, ಅಷ್ಟಕ್ಕ ನಮಗ ಅರ್ಧ ನಂಬಿಕಿ ಬರ್ತೈತಿ.

ಪೇಮೆಂಟ್ ತಡ ಮಾಡ್ತೇವಿ, ಒಪ್ಕೋತೇನಿ. ದೊಡ್ಡ ಕಸ್ಟಮರ್ ನಮಗ 90 ದಿನಕ್ಕ ಕೊಡ್ತಾರ, ಶನಿವಾರ ಹುಡುಗರ ಬಟವಾಡಿ ಮೊದಲ, ಆಮ್ಯಾಲೆ ಸ್ಟೀಲ್, ಕರೆಂಟ್ ಬಿಲ್, ಕಡೀಗೆ ಉಳದವ್ರು. ಕೆಲಸ ಶುರು ಮಾಡೂಕಿಂತ ಮೊದಲ ಯಾವ ತಾರೀಖಿಗೆ ಎಷ್ಟು ಅಂತ ಎದುರಿಗೆ ಕುಂತು ಕೇಳ್ರಿ, ಸಿಟ್ಟಾಗಂಗಿಲ್ಲ. ಮುಗದ ಮ್ಯಾಲೆ ದಿನಾ ಫೋನ್ ಮಾಡಿದ್ರ ಇಬ್ಬರಿಗೂ ಬ್ಯಾಸರ.

ಪೀಣ್ಯ_ಕ್ವಾಲಿಟಿ:
ಎಲ್ರೂ ಇಷ್ಟು ಬಿಡಿಸಿ ಹೇಳಿದ್ರಿ, ತುಂಬಾ ಥ್ಯಾಂಕ್ಸ್. ಹಣ ಜಾಸ್ತಿ ಕೂಡಿಡೋವರೆಗೂ ರಾಜೀನಾಮೆ ಮುಂದಕ್ಕೆ ಹಾಕ್ತೀನಿ. ಇನ್ನೊಂದು ಪ್ರಶ್ನೆ ಗೋಕುಲ ರೋಡ್ ಸರ್‌ಗೆ, ಇಲ್ಲಿ ಒಬ್ಬರು ಈಗ್ಲೇ ಕೇಳ್ತಿದಾರೆ, ಟೆಂಡರ್‌ಗೆ ಬೇಕು, ಏನೂ ಮಾಡ್ಬೇಡಿ, ಹತ್ತು ದಿನದಲ್ಲಿ ಸರ್ಟಿಫಿಕೇಟ್ ಮಾತ್ರ ತಂದ್ಕೊಡಿ, ದುಡ್ಡು ಮುಂಚೆನೇ ಕೊಡ್ತೀನಿ ಅಂತ. ಮೊದಲ ಪಾರ್ಟಿ, ಬಿಡೋಕೆ ಮನಸ್ಸು ಬರ್ತಿಲ್ಲ.

ಗೋಕುಲ_ರೋಡ್:
ಬಿಡ್ರಿ ಸರ್. ನನಗೂ ಇಂಥಾವು ಎರಡು ಬಂದಿದ್ವು, ಅದರಾಗ ಒಂದು ಕೈಯಾಗ ಏನೂ ಕೆಲಸ ಇಲ್ಲದ ತಿಂಗಳದಾಗ ಬಂತು, ರಾತ್ರಿ ನಿದ್ದಿ ಹತ್ತಲಿಲ್ಲ, ಮನಿಯಾಕಿ ಹತ್ರ ಕೇಳಿದೆ, ಬ್ಯಾಡ ಅಂದ್ಲು. ಸರಿಯಾದ ಸಂಸ್ಥೆ ಇಂಟರ್ನಲ್ ಆಡಿಟ್, ಮ್ಯಾನೇಜ್‌ಮೆಂಟ್ ರಿವ್ಯೂ ನೋಡದ ಕೊಡಂಗಿಲ್ಲ, ಹತ್ತು ದಿನಕ್ಕ ಕೊಡಾವ್ರದ್ದು ಬರೀ ಹಾಳಿ. ಎನ್ಎಬಿಸಿಬಿ (ಸರ್ಟಿಫಿಕೇಟ್ ಕೊಡೂ ಸಂಸ್ಥೆಗಳನ್ನ ಪರೀಕ್ಷೆ ಮಾಡೂ ಭಾರತದ ಮಂಡಳಿ) ಮಾನ್ಯತೆ ಐತೋ ಇಲ್ಲೋ ಅಂತ ಟೆಂಡರ್‌ನಾವ್ರು ಕೇಳಿದ್ರ, ಐಎಎಫ್ ಸರ್ಟ್‌ಸರ್ಚ್‌ದಾಗ (ಮಾನ್ಯ ಸರ್ಟಿಫಿಕೇಟ್‌ಗಳ ಆನ್‌ಲೈನ್ ಪಟ್ಟಿ) ಹುಡುಕಿದ್ರ ಅಲ್ಲೇ ಸಿಕ್ಕಿ ಬೀಳ್ತಾರ, ಅವಾಗ ತಂದುಕೊಟ್ಟಾವ ಅಂತ ನಿಮ್ಮ ಹೆಸರು ಬರ್ತೈತಿ. ಸಣ್ಣ ಇಂಡಸ್ಟ್ರಿಯಲ್ ಏರಿಯಾದಾಗ ಎಲ್ಲರಿಗೂ ಎಲ್ಲರ ಪರಿಚಯ ಇರ್ತೈತಿ.

ಅವ್ರಿಗೆ ಹಿಂಗ ಹೇಳಿ ನೋಡ್ರಿ, ಈ ಟೆಂಡರ್‌ಗೆ ಆಗಂಗಿಲ್ಲ, ಮೂರು ನಾಲ್ಕು ತಿಂಗಳು ಕೊಡ್ರಿ, ಮುಂದಿನ ಟೆಂಡರ್‌ಗೆ ಸರಿಯಾಗಿ ಮಾಡಿ ಕೊಡ್ತೇನಿ ಅಂತ. ನನ್ನ ಇಬ್ಬರೊಳಗ ಒಬ್ಬರು ಹೋಗಿಬಿಟ್ರು, ಇನ್ನೊಬ್ಬರು ಐದು ತಿಂಗಳಾದ ಮ್ಯಾಲೆ ತಿರುಗಿ ಫೋನ್ ಮಾಡಿದ್ರು, ನಾಡದು ಅವ್ರದು ಸ್ಟೇಜ್ 2 ಐತಿ. ನಿಮ್ಮ ಕೊಟೇಶನ್ ಬರದ ಮ್ಯಾಲೆ ಪಾರ್ಟಿ ಹೆಸರು ತಗದು ಇಲ್ಲೇ ಹಾಕ್ರಿ, ವಿಸಿಟ್ ಲೆಕ್ಕ ನೋಡಿ ಹೇಳ್ತೇನಿ.