ಕ್ರೀಟ್‌ನ ಕೆಂಪು ಮರಳಿನ ತೀರ: ಬಟ್ಟೆ ತೊಟ್ಟೇ ಹೋಗಬಹುದೇ?

ಧಾರವಾಡ_ಪೇಢೆ, ಪುಣೆ
ಮೇ ತಿಂಗಳಲ್ಲಿ ನಾನು ಮತ್ತು ಮನೆಯಾಕೆ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ. ಮೂವತ್ತು ವರ್ಷ ಕೋಥ್ರೂಡಿನಲ್ಲಿದ್ದೂ ಸಿಂಹಗಡದಾಚೆ ಕರೆದುಕೊಂಡು ಹೋಗಲಿಲ್ಲ ಎಂಬ ಅಪವಾದ ತೊಳೆದುಕೊಳ್ಳಬೇಕಾಗಿದೆ. ಮಾತಲಾ ಎಂಬ ಊರಿನಲ್ಲಿ ಕೋಣೆ ಗೊತ್ತುಮಾಡಿದ್ದೇವೆ. ಗುಡ್ಡದಾಚೆಯ ಕೆಂಪು ಮರಳಿನ ತೀರವನ್ನು ನೋಡಲೇಬೇಕಂತೆ. ಅಲ್ಲಿ ಅನೇಕರು ಬಟ್ಟೆಯಿಲ್ಲದೆ ಇರುತ್ತಾರೆ ಎಂದು ಹಣ ಕಟ್ಟಿದ ಮೇಲೆ ಮಗಳು ಮೆಲ್ಲಗೆ ಬಾಯಿಬಿಟ್ಟಳು. ನಮಗೆ ಬಿಚ್ಚುವ ಧೈರ್ಯವೂ ಇಲ್ಲ, ಆಸೆಯೂ ಇಲ್ಲ. ಬಟ್ಟೆ ತೊಟ್ಟು ಹೋದರೆ ಅವರಿಗೆ ಕಿರಿಕಿರಿಯಾಗುತ್ತದೆಯೇ?

ಮಡಗಾಂವ್_ವಾಸಿ, ಗೋವಾ
ಪೇಢೆಯವರೇ, ನಾನು ಹೋಗಿ ಬಂದಿದ್ದೇನೆ. ಮಾತಲಾದ ಬಂಡೆಯಲ್ಲಿ ಕೊರೆದ ಗುಹೆಗಳಿವೆ, ಹಿಂದೆ ಗೋರಿಗಳಾಗಿದ್ದವು. 1960ರ ದಶಕದಲ್ಲಿ ಹಿಪ್ಪಿಗಳು ಅಲ್ಲಿ ಬಿಡಾರ ಹೂಡಿದರು, ನಮ್ಮ ಅಂಜುಣಾಕ್ಕೂ ಅಂಥವರೇ ಬಂದರು. ಗುಡ್ಡ ಹತ್ತಿಳಿಯಲು ಸುಮಾರು ಅರ್ಧ ಗಂಟೆ ಬೇಕು. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ನೀರು ಒಯ್ಯಿರಿ.

ಇಪ್ಪತ್ತು ವರ್ಷಗಳಿಂದ ಗೋವಾದಲ್ಲಿದ್ದೇನೆ. ಬಸ್ಸಿನಿಂದ ಇಳಿದವರೇ ಈಜುಡುಗೆಯ ಹೆಂಗಸರ ಸುತ್ತ ಮೊಬೈಲ್ ಹಿಡಿದು ನಿಲ್ಲುವ ಗಂಡಸರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ಬಾಯಲ್ಲಿ ಕನ್ನಡ ಕೇಳಿಸಿದರೆ ಕೊಂಕಣಿಗೆ ಹೊರಳಿ ಪಾರಾದವನು ನಾನು. ಕ್ರೀಟ್‌ನಲ್ಲಿ ಆ ಗಂಡಸು ನಾನೇ ಆದೆ: ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ, ಕೈಯಲ್ಲಿ ಮೊಬೈಲ್. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಹುಲ್ಲಿನ ಟೋಪಿ ಒಂದನ್ನೇ ತೊಟ್ಟು ಪದಬಂಧ ಬಿಡಿಸುತ್ತಿದ್ದರು. ನನ್ನ ನೆರಳು ಅವರ ಹಾಳೆಯ ಮೇಲೆ ಬಿತ್ತು. ತಲೆಯೆತ್ತಿದವರು ನನ್ನ ಮುಖ ನೋಡಲಿಲ್ಲ, ಮೊಬೈಲ್ ನೋಡಿದರು. ಚೀಲಕ್ಕೆ ಹಾಕಿಕೊಂಡೆ. ಪೆನ್ಸಿಲಿನ ತುದಿ ಕಚ್ಚಿಕೊಂಡು ಅವರು ಮತ್ತೆ ಪದಬಂಧಕ್ಕೆ ಮರಳಿದರು. ನನ್ನ ಅಂಗಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಬಟ್ಟೆ ತೊಟ್ಟವರು ಬೇರೆಯವರೂ ಇದ್ದರು.

ಮಾಟುಂಗಾ_ಫಿಲ್ಟರ್_ಕಾಫಿ, ಮುಂಬೈ
ಮಡಗಾಂವಿನವರ ಮಾತು ಕ್ರೀಟ್‌ಗೆ ಸರಿ. ಎಲ್ಲ ದ್ವೀಪಗಳಿಗೂ ಅದನ್ನೇ ಅನ್ವಯಿಸಬೇಡಿ. ಫ್ರಾನ್ಸ್‌ನ ಲೆವಾಂ ದ್ವೀಪದಲ್ಲಿ ಬಟ್ಟೆಯಿಲ್ಲದೆ ಇರುವವರಿಗೆಂದೇ 1931ರಲ್ಲಿ ಕಟ್ಟಿದ ಹೆಲಿಯೊಪೊಲಿಸ್ ಎಂಬ ಊರೇ ಇದೆ, ಅಲ್ಲಿನ ಗ್ರೊತ್ ತೀರದಲ್ಲಿ ಬಟ್ಟೆ ತೊಟ್ಟವರೇ ತಪ್ಪಿತಸ್ಥರು. ಮಾಲ್ಟಾದಲ್ಲಿ ಬಿಚ್ಚಿದವರು ಅಪರಾಧಿಗಳು. ಗೋವಾದಲ್ಲಿಯೂ ಅಷ್ಟೇ, ಹಿಪ್ಪಿಗಳ ಕಥೆ ಕೇಳಿ ಯಾರೂ ಹುರುಪಿಗೆ ಬೀಳಬೇಡಿ.

ಧಾರವಾಡ_ಪೇಢೆ, ಪುಣೆ
ಇಬ್ಬರಿಗೂ ಧನ್ಯವಾದ. ಎಲ್ಲವನ್ನೂ ಮನೆಯಾಕೆಗೆ ಓದಿ ಹೇಳಿದೆ. ತೀರಕ್ಕೆ ಹೋಗುವುದೆಂದು ನಿರ್ಧಾರವಾಗಿದೆ, ನನ್ನ ಮೊಬೈಲ್ ಆಕೆಯ ಚೀಲದಲ್ಲಿರುತ್ತದಂತೆ. ಸಂಜೆ ಬೂಟು ಕೊಳ್ಳಲು ಲಕ್ಷ್ಮೀ ರಸ್ತೆಗೆ ಹೋಗುತ್ತಿದ್ದೇವೆ. ಅಲ್ಲಿ ಆಕೆಗೆ ಸೀರೆ ಅಂಗಡಿ ಕಾಣದಿದ್ದರೆ ಸಾಕು.