ಕನ್ನಡಿಯಲ್ಲಿ ಕಾಣಬಾರದ ರಕ್ತಪಿಶಾಚಿ ಕಾಣುತ್ತಿದೆ, ದಯವಿಟ್ಟು ಸಹಾಯ ಮಾಡಿ

ಆಲೆಮನೆ_ಹುಡುಗ (ಮಂಡ್ಯ):
ಮೂರು ರಾತ್ರಿಯಿಂದ ಇದೇ ಕೆಲಸ, ತಲೆ ಕೆಟ್ಟುಹೋಗಿದೆ. ನನ್ನ ಗೇಮ್ ಇನ್ನೂ ಬಿಡುಗಡೆ ಆಗಿಲ್ಲ. ರಕ್ತಪಿಶಾಚಿ ಬೇಟೆಯ ಸರ್ವೈವಲ್ ಹಾರರ್. ಕಬ್ಬಿನ ಗದ್ದೆ ನಡುವೆ ಒಂದು ತೊಟ್ಟಿ ಮನೆ. ಕೈಯಲ್ಲಿ ಒಂದು ಟಾರ್ಚು, ಆರು ಗುಂಡು. ಒಳಗಿರುವವರಲ್ಲಿ ಯಾರು ಮನುಷ್ಯ, ಯಾರು ಪಿಶಾಚಿ ಅಂತ ಕನ್ನಡಿ ನೋಡಿಯೇ ಕಂಡುಹಿಡಿಯಬೇಕು. ಅದರಲ್ಲಿ ಪಿಶಾಚಿ ಕಂಡುಬಿಟ್ಟರೆ ಆಟವೇ ಮುಗಿಯಿತು. ಯಾವ ಕ್ಯಾಮೆರಾಗೆ ಯಾವ ವಸ್ತು ಕಾಣಬೇಕು ಅಂತ ವಿಂಗಡಿಸುವ ಲೇಯರ್ ಎಲ್ಲ ಸರಿಯಾಗೇ ಹಾಕಿದ್ದೇನೆ. ಆದರೂ ಕಾಣುತ್ತಿದೆ. ಯಾಕೆ?

ಒಂಟಿಕೊಪ್ಪಲ್_ರಾಯ (ಮೈಸೂರು):
ಗ್ರಾಫಿಕ್ಸ್ ಡ್ರೈವರ್ ಸಮಸ್ಯೆ. ಪೂರ್ತಿ ತೆಗೆದು ಮತ್ತೆ ಹಾಕಿ. ನನಗೂ ಹೀಗೇ ಆಗಿತ್ತು.

ತೊಟ್ಟಿಮನೆ:
ಗೇಮ್ ಕಟ್ಟುತ್ತಿರುವ ಇಂಜಿನ್ ಯಾವುದು? ವರ್ಷನ್ ಎಷ್ಟು? ಕನ್ನಡಿ ಹೇಗೆ ಮಾಡಿದ್ದೀರಿ?

ಆಲೆಮನೆ_ಹುಡುಗ:
ಗೊಡೋ ಅಣ್ಣ, 4.3. ಇಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರಲ್ಲ, ಅದಕ್ಕೇ ಹೇಳಿರಲಿಲ್ಲ. ಸಬ್‌ವ್ಯೂಪೋರ್ಟ್ (ಬೇರೆಯಾಗಿ ಚಿತ್ರ ಬಿಡಿಸುವ ಪರದೆ) ಒಳಗೆ ಇನ್ನೊಂದು ಕ್ಯಾಮೆರಾ ಇಟ್ಟು, ಅದರ ಚಿತ್ರವನ್ನು ಕನ್ನಡಿಗೆ ಅಂಟಿಸಿದ್ದೇನೆ. ಪಿಶಾಚಿ 2ನೇ ಲೇಯರ್‌ನಲ್ಲಿದೆ. ಕನ್ನಡಿ ಕ್ಯಾಮೆರಾದ ಕಲ್ ಮಾಸ್ಕ್‌ನಲ್ಲಿ, ಅಂದರೆ ಅದಕ್ಕೆ ಕಾಣುವ ಲೇಯರ್‌ಗಳ ಪಟ್ಟಿಯಲ್ಲಿ, 2 ತೆಗೆದಿದ್ದೇನೆ. ರಾಯರು ಹೇಳಿದ ಹಾಗೆ ಡ್ರೈವರ್ ಬದಲಾಯಿಸಿದೆ, ಎರಡು ಗಂಟೆ ಹೋಯಿತು. ಹಾಗೇ ಇದೆ.

ಒಂಟಿಕೊಪ್ಪಲ್_ರಾಯ:
ಹಾಗಾದರೆ ಹಳೆ ಡ್ರೈವರ್ ಹಾಕಿ ನೋಡಿ. ನನ್ನದು ಆರ್‌ಟಿಎಕ್ಸ್ 4070, 32 ಜಿಬಿ ರ‍್ಯಾಮ್. ಒಂದೇ ಕೋಣೆಯಲ್ಲಿ ನಾಲ್ಕು ಕನ್ನಡಿ ಇಟ್ಟರೂ ಜಗ್ಗುವುದಿಲ್ಲ.

ಚಿಕ್ಕದೇವಿ:
ನಾಲ್ಕು ಕನ್ನಡಿ ಅಂದರೆ ಒಂದೊಂದು ಫ್ರೇಮ್‌ಗೆ ಮನೆಯನ್ನು ಐದು ಸಲ ಬಿಡಿಸಬೇಕು. ಎಲ್ಲರ ಹತ್ತಿರ ಅಂಥ ಮಷೀನ್ ಇರಲ್ಲ ಅಲ್ವಾ? ಇನ್ನೊಂದು ಮಾತು. ನಮ್ಮ ಕಡೆ ರಕ್ತಪಿಶಾಚಿ ಅಂತ ಯಾರು ಹೇಳುತ್ತಾರೆ? ಬ್ರಹ್ಮರಾಕ್ಷಸ ಅನ್ನಿ.

ತೊಟ್ಟಿಮನೆ:
ಬ್ರಹ್ಮರಾಕ್ಷಸನೇ ಬೇರೆ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಅವನು ಅರಳಿ ಮರದ ಮೇಲೆ ಇರುತ್ತಿದ್ದ, ಕನ್ನಡಿ ಮಾತೇ ಇರಲಿಲ್ಲ. 1897ರ ಬ್ರಾಮ್ ಸ್ಟೋಕರ್ ಕಾದಂಬರಿ ‘ಡ್ರಾಕುಲಾ’ದ ಪಿಶಾಚಿ ಕನ್ನಡಿಯಲ್ಲಿ ಕಾಣುವುದಿಲ್ಲ, ಅದಕ್ಕೆ ನೆರಳೂ ಬೀಳುವುದಿಲ್ಲ.

ಚಿಕ್ಕದೇವಿ:
ಮಂಡ್ಯದ ತೊಟ್ಟಿ ಮನೆಗೆ ಆ ಕಾದಂಬರಿ ಯಾಕೆ ಬೇಕು ಅಂತ ನನ್ನ ಪ್ರಶ್ನೆ.

ಆಲೆಮನೆ_ಹುಡುಗ:
ಅಕ್ಕ, ನಮ್ಮದೂ ಇದೆ. ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುವ ಕೋಣೆಗೆ ಪಿಶಾಚಿ ಬರುವುದಿಲ್ಲ. ಗೇಮ್ ಸೇವ್ ಮಾಡುವುದು ಅಲ್ಲೇ. ಮಳೆ ಬಂದರೆ ಅಕ್ಷರ ಅಳಿಸಿಹೋಗುತ್ತದೆ. ಈಗ ಕನ್ನಡಿ ವಿಷಯ ನೋಡೋಣ.

ತೊಟ್ಟಿಮನೆ:
ಕನ್ನಡಿಯಲ್ಲಿ ಪೂರ್ತಿ ಮೈ ಕಾಣುತ್ತದಾ?

ಆಲೆಮನೆ_ಹುಡುಗ:
ಇಲ್ಲ, ಅದು ಹೊದ್ದ ಕಂಬಳಿ ಮಾತ್ರ. ತಲೆಯಿಲ್ಲ, ಕೈಯಿಲ್ಲ. ಬರೀ ಕರಿ ಕಂಬಳಿ ಕಂಬದ ಪಕ್ಕದಲ್ಲಿ ತೂಗಾಡುತ್ತಾ ಬರುತ್ತದೆ. ಗೋಡೆ ಮೇಲೆ ಪೂರ್ತಿ ಮೈಯ ನೆರಳೂ ಇದೆ.

ತೊಟ್ಟಿಮನೆ:
ಇದನ್ನು ಮೊದಲೇ ಹೇಳಬೇಕಿತ್ತು! ಇಲ್ಲಿ ಎರಡು ಬೇರೆ ಬೇರೆ ತಪ್ಪಿದೆ. ಕಂಬಳಿ ಬೇರೆ ಮೆಷ್ (3ಡಿ ಆಕಾರ) ತಾನೇ? ಮೈಗೆ ಕೊಟ್ಟ ಲೇಯರ್ ಅದರ ಮಕ್ಕಳಿಗೆ, ಅಂದರೆ ಅದರ ಕೆಳಗೆ ಜೋಡಿಸಿದ ಭಾಗಗಳಿಗೆ, ಇಳಿಯುವುದಿಲ್ಲ. ಕಂಬಳಿಗೂ 2 ಹಾಕಿ, 1 ತೆಗೆಯಿರಿ. ಇನ್ನು ನೆರಳು. ಕಲ್ ಮಾಸ್ಕ್ ವಸ್ತುವನ್ನು ಕ್ಯಾಮೆರಾದಿಂದ ಮರೆಮಾಡುತ್ತದೆ, ಅಷ್ಟೇ. ನೆರಳು ಬಿಡಿಸುವುದು ದೀಪ.

ಒಂಟಿಕೊಪ್ಪಲ್_ರಾಯ:
4.4ರಲ್ಲಿ ದೀಪಕ್ಕೆ ಶ್ಯಾಡೋ ಕ್ಯಾಸ್ಟರ್ ಮಾಸ್ಕ್ ಬಂದಿದೆ, ಯಾವ ಲೇಯರ್‌ಗೆ ನೆರಳು ಬೀಳಬೇಕು ಅಂತ ಆರಿಸಬಹುದು. ಅಪ್‌ಡೇಟ್ ಮಾಡಿಕೊಳ್ಳಿ.

ತೊಟ್ಟಿಮನೆ:
ಅದರಿಂದ ಮನೆಯೊಳಗಿನ ನೆರಳೂ ಹೋಗುತ್ತದೆ ರಾಯರೇ.

ಆಲೆಮನೆ_ಹುಡುಗ:
ಕಂಬಳಿ ಮಾಯ! ತುಂಬಾ ಥ್ಯಾಂಕ್ಸ್ ಅಣ್ಣ. ಆದರೆ ಮನೆಯೊಳಗೆ ನೆರಳು ಬೇಕೇ ಬೇಕು. ಲಾಟೀನಿನ ಬೆಳಕಲ್ಲಿ ಗೋಡೆ ಮೇಲೆ ಮೊದಲು ಕಾಣುವುದೇ ಅದು. ಕನ್ನಡಿಯಲ್ಲಿ ಮಾತ್ರ ಇರಬಾರದು.

ಚಿಕ್ಕದೇವಿ:
ಹಾಗಾದರೆ ಕ್ಯಾಮೆರಾ ಬಿಡಿ, ಹಳೆ ಉಪಾಯ ಮಾಡಿ. ಕನ್ನಡಿ ಜಾಗದಲ್ಲಿ ಗೋಡೆಗೆ ತೂತು. ಅದರ ಹಿಂದೆ ಅದೇ ಕೋಣೆಯ ತಿರುಗಿಸಿದ ನಕಲು, ಅದರಲ್ಲಿ ಆಟಗಾರನ ನಕಲು, ಅದಕ್ಕೇ ಬೇರೆ ಲಾಟೀನು. ಪಿಶಾಚಿಯನ್ನು ಅಲ್ಲಿ ಇಡಲೇಬೇಡಿ. ನಕಲು ಕೋಣೆಯನ್ನು 3ನೇ ಲೇಯರ್‌ಗೆ ಮಾತ್ರ ಹಾಕಿ, ಅಸಲಿ ಲಾಟೀನಿನ ಲೈಟ್ ಕಲ್ ಮಾಸ್ಕ್‌ನಲ್ಲಿ 3 ತೆಗೆಯಿರಿ. ಇಲ್ಲದಿದ್ದರೆ ಆ ಬೆಳಕು ತೂತಿನಿಂದ ಆಚೆ ಹೋಗುತ್ತದೆ. ಮನೆಯನ್ನು ಎರಡು ಸಲ ಬಿಡಿಸುವ ಕೆಲಸವೂ ತಪ್ಪುತ್ತದೆ.

ಆಲೆಮನೆ_ಹುಡುಗ:
ಮಾಡಿದೆ ಅಕ್ಕ! ಗೋಡೆ ಮೇಲೆ ನೆರಳು ಬರುತ್ತದೆ, ಕನ್ನಡಿಯಲ್ಲಿ ಖಾಲಿ ಪಡಸಾಲೆ. ತಮ್ಮನಿಗೆ ಆಡಲು ಕೊಟ್ಟೆ. ಎದ್ದು ಹೋಗಿ ಲೈಟ್ ಹಾಕಿಕೊಂಡು ಬಂದು ಕೂತ. ಒಂದು ಉಳಿದಿದೆ. ಕನ್ನಡಿ ಮುಂದೆ ನಿಂತು ಟಾರ್ಚನ್ನು ಬಲಕ್ಕೆ ತಿರುಗಿಸಿದರೆ ನಕಲಿನ ಟಾರ್ಚು ಎಡಕ್ಕೆ ಹೋಗುತ್ತದೆ. ಇದನ್ನು ಎಲ್ಲಿ ಸರಿ ಮಾಡಬೇಕು?